ಆಲ್ಟ್, ಶಿಫ್ಟ್ ಮತ್ತು ಕಾಕಾ

ಕಳೆದ ಭಾನುವಾರ ನನ್ನ ಎಡಗೈಯ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಟಿಳಕವಾಡಿಯಲ್ಲಿ ಹೊಸ ಮನೆ ಕಟ್ಟಿಸಿರುವ ನಮ್ಮ ಕಾಕಾ, ವಾಸ್ತುಶಾಂತಿಯ ಆಮಂತ್ರಣವನ್ನು ನನ್ನಿಂದಲೇ ಬರೆಸಬೇಕೆಂದು ಬೆಳಿಗ್ಗೆಯೇ ಬಂದು ಕುಳಿತಿದ್ದರು. ಬೆಳಗಾವಿಯ ಆಮಂತ್ರಣ ಒಂದೇ ಭಾಷೆಯಲ್ಲಿ ಮುಗಿಯುವಂಥದ್ದಲ್ಲ. ಬೀಗರಿಗೆ ಕನ್ನಡ, ಎದುರುಮನೆಯವರಿಗೆ ಮರಾಠಿ, ಪುಣೆಯ ಮೊಮ್ಮಕ್ಕಳಿಗೆ ಇಂಗ್ಲಿಷ್ ಬೇಕು. ಆದ್ದರಿಂದ ನನ್ನ ಗಣಕಯಂತ್ರದಲ್ಲಿ ಮೂರು ಕೀಲಿಮಣೆಗಳಿವೆ.

ವಿಂಡೋಸ್‌ನಲ್ಲಿ ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಕೀಲಿಗಳನ್ನು ಜೊತೆಗೆ ಒತ್ತಿದರೆ ಭಾಷೆ ಬದಲಾಗುತ್ತದೆ, ಆದರೆ ಸರದಿಯ ಪ್ರಕಾರ. ನನ್ನ ಸರದಿಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಮರಳಬೇಕಾದರೆ ಮರಾಠಿಯನ್ನು ದಾಟಿಯೇ ಹೋಗಬೇಕು. ಒಂದು ಒತ್ತು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಪರದೆಯ ಬಲಮೂಲೆಯಲ್ಲಿ, ಸಾಸಿವೆ ಗಾತ್ರದ ಅಕ್ಷರಗಳಲ್ಲಿ, ನೋಡಿ ತಿಳಿಯಬೇಕು. ನಾನು ಟೈಪ್ ಮಾಡುವಾಗ ಕೀಲಿಗಳನ್ನು ನೋಡುವವನೇ ಹೊರತು ಪರದೆಯನ್ನು ನೋಡುವವನಲ್ಲ.

ಕಾಕಾ ಹೇಳುತ್ತ ಹೋದರು, ನಾನು ತಲೆ ತಗ್ಗಿಸಿ ಬಡಿಯುತ್ತ ಹೋದೆ. ‘ಸಕುಟುಂಬ ಸಪರಿವಾರ ಸಮೇತರಾಗಿ’ ಎಂಬಲ್ಲಿಗೆ ತಲೆಯೆತ್ತಿ ನೋಡಿದರೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅಚ್ಚ ಕನ್ನಡದ ಆಮಂತ್ರಣವು ದೇವನಾಗರಿ ಲಿಪಿಯಲ್ಲಿ ಸಿದ್ಧವಾಗಿತ್ತು. ಇದಕ್ಕೆ ಕಾರಣ ಇನ್‌ಸ್ಕ್ರಿಪ್ಟ್ ವಿನ್ಯಾಸ. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಅಂಗೀಕರಿಸಿದ ಈ ಜೋಡಣೆಯಲ್ಲಿ ಕನ್ನಡದ ‘ಕ’ ಇರುವ ಕೀಲಿಯ ಮೇಲೆಯೇ ಮರಾಠಿಯ ‘ಕ’ ಕೂಡ ಇರುತ್ತದೆ. ಲಿಪಿ ಬೇರೆಯಾದರೂ ಬೆರಳಿನ ದಾರಿ ಒಂದೇ. ಎರಡು ಭಾಷೆಗಳಿಗೂ ಬೇರೆ ಬೇರೆ ವಿನ್ಯಾಸವಿದ್ದಿದ್ದರೆ ಅರ್ಥವಿಲ್ಲದ ಅಕ್ಷರಗಳು ಮೂಡಿ, ಎರಡನೆಯ ಸಾಲಿಗೇ ಕಾಕಾ ಕೂಗಿಕೊಳ್ಳುತ್ತಿದ್ದರು. ಇಲ್ಲಿ ದೇವನಾಗರಿಗೆ ಅಷ್ಟಾಗಿ ರೂಢಿಯಿಲ್ಲದ ಹ್ರಸ್ವ ಎಕಾರ, ಒಕಾರಗಳು ಮಾತ್ರ ಪರವೂರಿಗೆ ಬಂದವರಂತೆ ಮುಖ ಸಿಂಡರಿಸಿಕೊಂಡು ಕುಳಿತಿದ್ದವು.

ನಾನು ಹಣೆ ಚಚ್ಚಿಕೊಳ್ಳುವ ಮೊದಲೇ ಕಾಕಾ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಇಡೀ ಆಮಂತ್ರಣವನ್ನು ಗಟ್ಟಿಯಾಗಿ, ಎಲ್ಲಿಯೂ ತಡೆಯದೆ ಓದಿದರು.

“ಬರೋಬ್ಬರಿ ಐತಿ. ಸಮೇತರಾಗಿ ಅನ್ನೂದರ ಮುಂದ ಒಂದು ಅಲ್ಪವಿರಾಮ ಹಾಕು.”

“ಕಾಕಾ, ಅಕ್ಷರ ನೋಡ್ರಿ.”

“ನೋಡೀನಲ್ಲ. ಸ್ವಲ್ಪ ದೊಡ್ಡವು ಮಾಡು.”

ಎರಡೂ ಲಿಪಿಗಳ ಬೋರ್ಡುಗಳನ್ನು ಓದಿಕೊಂಡೇ ಎಪ್ಪತ್ತು ವರ್ಷ ಬೀದಿ ಸುತ್ತಿದ ಕಣ್ಣಿಗೆ ಅಲ್ಲಿ ತಪ್ಪೇನೂ ಕಾಣಿಸಲಿಲ್ಲ. ಇದು ಕನ್ನಡ ಲಿಪಿಯಲ್ಲವೆಂದು ನಾನು ಬೆರಳಿಟ್ಟು ತೋರಿಸಿದ ಮೇಲೆ ಅವರು ಮತ್ತೊಮ್ಮೆ ಮೊದಲಿನಿಂದ ಓದಿ, “ಹೌದಲೇ!” ಎಂದು ನನ್ನ ಬೆನ್ನಿಗೆ ಗುದ್ದಿದರು. ತಪ್ಪು ಬೆರಳಿನದು, ಗುದ್ದು ಬೆನ್ನಿಗೆ.

ಎಲ್ಲವನ್ನೂ ಅಳಿಸಿ ಮತ್ತೆ ಬರೆದೆ. ಇಂಗ್ಲಿಷ್ ವಿಳಾಸದ ಸರದಿ ಬಂದಾಗ ‘ಡಿಸ್ಟ್ರಿಕ್ಟ್’ ಎಂಬುದರ ದೊಡ್ಡ ಡಿ ಅಕ್ಷರಕ್ಕೆ ಹೇಗಿದ್ದರೂ ಶಿಫ್ಟ್ ಬೇಕಲ್ಲ ಎಂದು, ಭಾಷೆ ಬದಲಿಸಿದ ಬೆರಳುಗಳನ್ನು ಎತ್ತದೆ ಡಿ ಒತ್ತಿದೆ. ವರ್ಡ್‌ನಲ್ಲಿ ಆಲ್ಟ್, ಶಿಫ್ಟ್, ಡಿ ಮೂರೂ ಕೂಡಿದರೆ ಇವತ್ತಿನ ದಿನಾಂಕವನ್ನು ಸೇರಿಸು ಎಂದು ಅರ್ಥ; ಅದೂ ಕಡತ ತೆರೆದಾಗಲೆಲ್ಲ ತಾನಾಗಿಯೇ ಬದಲಾಗುವ ದಿನಾಂಕ. ಬರುವ ಗುರುವಾರದ ವಾಸ್ತುಶಾಂತಿಯ ಪತ್ರದಲ್ಲಿ ಅಂದಿನ ಭಾನುವಾರ ಬಂದು ಕುಳಿತಿದ್ದನ್ನು ಕಂಡು ಕಾಕಾ, “ಭಟ್ಟರು ಈಗ ಸಿಗೂದಿಲ್ಲೋ ತಮ್ಮಾ” ಎಂದು ನಿಜವಾಗಿಯೂ ಗಾಬರಿಯಾದರು.

ಚಹಾ ಕುಡಿಯುವಾಗ ಅವರು ತಮ್ಮ ಕಚೇರಿಯ ಕಾಲವನ್ನು ನೆನೆದರು. ಅಲ್ಲಿ ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಬೆರಳಚ್ಚು ಯಂತ್ರವಿತ್ತು. ಭಾಷೆ ಬದಲಾಯಿಸಬೇಕಾದರೆ ಎದ್ದು ಹೋಗಿ ಇನ್ನೊಂದು ಕುರ್ಚಿಯಲ್ಲಿ ಕುಳಿತುಕೊಳ್ಳಬೇಕಿತ್ತಂತೆ. ಕನ್ನಡದ ಯಂತ್ರದ ಮುಂದೆ ಅವರ ಪಕ್ಕ ಕುಳಿತಿರುತ್ತಿದ್ದ ಗೆಳೆಯರು ಈಗಿಲ್ಲ. ಇದ್ದಿದ್ದರೆ ಮೊದಲ ಪತ್ರ ಅವರಿಗೇ ಕೊಡುತ್ತಿದ್ದೆ ಎಂದು ಹೇಳಿ ಕಾಕಾ ಸ್ವಲ್ಪ ಹೊತ್ತು ಬಸಿಯಲ್ಲಿನ ಚಹಾ ಆರಲು ಬಿಟ್ಟರು.

ಆಮೇಲೆ ಕನ್ನಡಕವನ್ನು ಮತ್ತೆ ಹಣೆಗೇರಿಸಿ, ಮರಾಠಿಯ ಪತ್ರಕ್ಕೆ ಕುಳಿತರು. ನಾನು ತಲೆ ತಗ್ಗಿಸಿ ಬರೆದುಕೊಂಡೆ. ಮುಗಿದ ಮೇಲೆ ನೋಡಿದರೆ, ಅಪ್ಪಟ ಮರಾಠಿಯ ಆಮಂತ್ರಣ ಮುದ್ದಾದ ಕನ್ನಡ ಅಕ್ಷರಗಳಲ್ಲಿ ಹೊಳೆಯುತ್ತಿತ್ತು. ಕಾಕಾ ಅದನ್ನೂ ಓದಿ, ಬರೋಬ್ಬರಿ ಐತಿ ಎಂದರು.