ನಾಲ್ಕೂಕಾಲಿನ ಕವರು

ಕತ್ತಲೆಯಲ್ಲಿ ಪ್ಲಾಸ್ಟಿಕ್ ಕವರನ್ನು ನಿಧಾನವಾಗಿ ಬಿಚ್ಚುವವರಷ್ಟು ಕ್ರೂರಿಗಳನ್ನು ನಾನು ಕಂಡಿಲ್ಲ. ಒಂದೇ ಸಲಕ್ಕೆ ಪರ್ರನೆ ಹರಿದು ಮುಗಿಸಿದರೆ ಎಚ್ಚರವಾದವರು ಮನಸ್ಸಿನಲ್ಲೇ ಬೈದುಕೊಂಡು ಮಗ್ಗುಲು ಬದಲಿಸಿ ಮಲಗುತ್ತಾರೆ. ಆದರೆ 'ಪಾಪ, ಯಾರಿಗೂ ತೊಂದರೆಯಾಗಬಾರದು' ಎನ್ನುವ ಸಜ್ಜನಿಕೆಯಿಂದ ಒಂದೊಂದೇ ಮಡಿಕೆ ಬಿಡಿಸುತ್ತಾರಲ್ಲ, ಅದು ಬಲು ಕಷ್ಟ. ಚರ... ಸುಮ್ಮನೆ. ಪರ... ಮತ್ತೆ ಸುಮ್ಮನೆ. ಸದ್ದಿಗಿಂತ ಆ ನಡುವಿನ ಸುಮ್ಮನಿರುವಿಕೆಯೇ ಪ್ರಾಣ ಹಿಂಡುವುದು. ಮುಂದಿನ 'ಚರ' ಎಲ್ಲಿ, ಯಾಕಿನ್ನೂ ಬರಲಿಲ್ಲ ಎಂದು ಕಿವಿ ಎದ್ದು ಕೂತು ಕಾಯುತ್ತದೆ.

2024ರ ಜನವರಿ, ಮೆಲ್ಬರ್ನ್, ಹತ್ತು ಮಂಚಗಳ ಡಾರ್ಮಿಟರಿ, ಬೆಳಗಿನ ಜಾವ ನಾಲ್ಕೂಕಾಲು.

ಆಸ್ಟ್ರೇಲಿಯನ್ ಓಪನ್ ನೋಡಲು ಬೆನ್ನಿಗೊಂದು ಚೀಲ ಹಾಕಿಕೊಂಡು ಅಗ್ಗದಲ್ಲಿ ಹೋಗಿ ಬರುವ ಐಡಿಯಾ ನನ್ನ ಬಾಮೈದನದು. "ಹೋಟೆಲ್ ರೂಮು ಯಾಕೆ ಭಾವ? ಬರೀ ಮಲಗೋದಕ್ಕೆ ತಾನೆ?" ಎಂದಿದ್ದ. ನಲವತ್ತೆಂಟರ ನನಗೂ ಆ ಹೊತ್ತಿಗೆ ಅದು ವಿವೇಕದ ಮಾತಿನಂತೆಯೇ ಕೇಳಿಸಿತು. ದಸರಾ ಸಮಯದಲ್ಲಿ ನಮ್ಮ ಮೈಸೂರಿನ ಲಾಡ್ಜಿನವರಿಗೆ ಬರುವ ಹುಮ್ಮಸ್ಸೇ ಟೆನಿಸ್ ಸಮಯದಲ್ಲಿ ಆ ಊರಿನ ಹಾಸ್ಟೆಲಿನವರಿಗೂ ಬರುತ್ತದೆ. ಹಾಗಾಗಿ ಅಗ್ಗ ಎಂದುಕೊಂಡ ಮಂಚವೂ ಅಗ್ಗವಾಗಿರಲಿಲ್ಲ. ಅದರಲ್ಲೂ ನನಗೆ ಸಿಕ್ಕಿದ್ದು ಮೇಲಿನದು. ಏಣಿಯ ಮೆಟ್ಟಿಲೆಂದರೆ ಬೆರಳು ಗಾತ್ರದ ಕಬ್ಬಿಣದ ಸರಳು. ರಾತ್ರಿ ಒಮ್ಮೆ ಬಚ್ಚಲಿಗೆ ಹೋಗಿ ಬಂದರೆ ಅಂಗಾಲಿಗೆ ಬರೆ ಹಾಕಿದ ಹಾಗೆ. ಬಾಮೈದ ನನ್ನ ಕೆಳಗಿನ ಮಂಚದಲ್ಲಿ, ಕಿವಿಗೆ ಬಿರಟೆ ತುರುಕಿಕೊಂಡು, ಕೈ ಎದೆಯ ಮೇಲಿಟ್ಟುಕೊಂಡು ಋಷಿಯ ಹಾಗೆ ಮಲಗುತ್ತಿದ್ದ.

ದುಡ್ಡು ಉಳಿಸಿದ ಕತೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ನಗರದ ನಡುಭಾಗದಲ್ಲಿ ಟ್ರಾಮು 2015ರಿಂದ ಪುಕ್ಕಟೆ. ಫೆಡರೇಷನ್ ಸ್ಕ್ವೇರಿನಿಂದ ಯಾರಾ ನದಿಯ ದಂಡೆ ಹಿಡಿದರೆ ಟೂರ್ನಿ ನಡೆಯುವ ಮೆಲ್ಬರ್ನ್ ಪಾರ್ಕಿಗೆ ನಡೆದೇ ಹೋಗಬಹುದು. ಮನೆಯ ತಿಂಡಿಯನ್ನು ಒಳಗೆ ಬಿಡುತ್ತಾರೆ. ಗ್ರೌಂಡ್ ಪಾಸಿನಲ್ಲಿ, ಅಂದರೆ ಮುಖ್ಯ ಕ್ರೀಡಾಂಗಣದ ಒಳಗೆ ಬಿಡದ ಅಗ್ಗದ ಟಿಕೆಟ್ಟಿನಲ್ಲಿ, ಆ ಮುಖ್ಯ ಕ್ರೀಡಾಂಗಣವಾದ ರಾಡ್ ಲೇವರ್ ಅರೀನಾದ ಮೇಲ್ಛಾವಣಿಯನ್ನು ಹೊರಗಿನಿಂದ ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಉಳಿದದ್ದು ಹೊರಗಿನ ಕೋರ್ಟುಗಳು. ನನಗೆ ಅವೇ ಇಷ್ಟ. ಆಟಗಾರನ ಬೂಟು ಕಿಚಕ್ಕೆನ್ನುವುದು ಕೇಳುವಷ್ಟು ಹತ್ತಿರ.

ಈಗ ಕವರಿನ ವಿಷಯ.

ಹೊರಡುವ ಹಿಂದಿನ ದಿನ ಅತ್ತೆ ನಮಗೆ ಕಟ್ಟಿಕೊಟ್ಟದ್ದು ಚಟ್ನಿಪುಡಿ, ಕೋಡುಬಳೆ, ಹುರಿದ ಅವಲಕ್ಕಿ, ಪುಳಿಯೋಗರೆ ಗೊಜ್ಜು. ತುಪ್ಪದ ಸಿಹಿ ಬೇಡ, ಅಲ್ಲಿ ಹಾಲಿನ ಪದಾರ್ಥಕ್ಕೆ ತಕರಾರು ಎಂದು ಬಾಮೈದ ಹೇಳಿದ್ದಕ್ಕೆ ಅವರಿಗೆ ಆ ಇಡೀ ಖಂಡದ ಮೇಲೆಯೇ ತಾತ್ಸಾರ ಹುಟ್ಟಿತ್ತು. ಅತ್ತೆಯ ಕಟ್ಟುವ ಕ್ರಮ ಹೀಗೆ: ಚಟ್ನಿಪುಡಿ ಮೊದಲು ಒಂದು ಕವರಿಗೆ, ಅದಕ್ಕೆ ರಬ್ಬರ್ ಬ್ಯಾಂಡು. ಎಣ್ಣೆ ಜಿನುಗಿದರೆ ಎಂದು ಇನ್ನೊಂದು ಕವರು. ಆ ಎರಡನೆಯದು ಹರಿದರೆ ಎಂದು ಮೂರನೆಯದು, ಯಾವುದೋ ಮದುವೆಯ ಸೀರೆ ತಂದಾಗಿನದು, ಗಟ್ಟಿ. ಕೊನೆಗೆ ಎಲ್ಲ ಸೇರಿಸಿ ಒಂದು ದೊಡ್ಡ ಕವರು, ಅದಕ್ಕೆ ಗಂಟು. ಗಂಟನ್ನು ಅವರೇ ಹಾಕಬೇಕು, ಅವರೇ ಬಿಚ್ಚಬೇಕು. ಬೇರೆಯವರು ಬಿಚ್ಚಿದರೆ ಹಲ್ಲೇ ಗತಿ.

ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ್ದು 2016ರ ಮಾರ್ಚಿನಲ್ಲಿ. ಅದರಿಂದ ಅತ್ತೆಯ ಮನೆಯಲ್ಲಿ ಆದದ್ದು ಇಷ್ಟೇ, ಹಳೆಯ ಕವರುಗಳ ಬೆಲೆ ಏರಿತು. ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ತೂಗುಬಿಟ್ಟ ಒಂದು ಕವರಿನೊಳಗೆ ಉಳಿದ ಕವರುಗಳೆಲ್ಲ ಗರ್ಭಸ್ಥವಾಗಿವೆ. ಹಾಲಿನ ಕವರಿನಿಂದ ಹಿಡಿದು ಈಗ ಮುಚ್ಚಿಹೋಗಿರುವ ಅಂಗಡಿಗಳ ಕವರಿನವರೆಗೆ. ಒಂದು ಕೇಳಿದರೆ "ಯಾಕೆ? ಎಷ್ಟು ದೊಡ್ಡದು ಬೇಕು? ವಾಪಸು ತರ್ತೀರಾ?" ಎಂದು ವಿಚಾರಣೆ ನಡೆಯುತ್ತದೆ. ಅಂಥವರು ನಮಗಾಗಿ ಒಂದೇ ಸಲಕ್ಕೆ ಹದಿನಾಲ್ಕು ಕವರು ಕೊಟ್ಟಿದ್ದರು. ಅದು ವಾತ್ಸಲ್ಯವೇ, ನಾನು ಇಲ್ಲವೆನ್ನುವುದಿಲ್ಲ.

ಹದಿನಾಲ್ಕು ಎಂದು ನನಗೆ ಗೊತ್ತಾದದ್ದು ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ. ತಿನ್ನುವ ಪದಾರ್ಥ ತಂದಿದ್ದೀರಾ ಎಂಬಲ್ಲಿ ಪ್ರಾಮಾಣಿಕವಾಗಿ 'ಹೌದು' ಎಂದು ಗುರುತು ಹಾಕಿದ್ದೆವು. ಕೈಗವಸು ಹಾಕಿದ ಅಧಿಕಾರಿಣಿ ದೊಡ್ಡ ಗಂಟನ್ನು ತುಂಬ ಗೌರವದಿಂದ ಬಿಚ್ಚಲು ನೋಡಿದರು. ಆಗಲಿಲ್ಲ. ಬಾಮೈದ ಹಲ್ಲು ಹಚ್ಚಿದ. ಒಳಗೇನಿದೆ ಎಂದರು. ಕವರು ಎಂದೆ. ಅದರೊಳಗೆ? ಕವರು. ಆಕೆ ನನ್ನ ಮುಖವನ್ನೊಮ್ಮೆ ನೋಡಿದರು. ನಾನು ತಮಾಷೆ ಮಾಡುತ್ತಿಲ್ಲ ಎಂಬುದು ಅವರಿಗೆ ಖಾತ್ರಿಯಾದದ್ದು ಐದನೆಯ ಕವರಿಗೆ ಬಂದಾಗ. ಕೊನೆಗೆ ಚಟ್ನಿಪುಡಿಯ ದರ್ಶನವಾಗಿ, ಇಂಗಿನ ವಾಸನೆ ಕೌಂಟರಿನ ಸುತ್ತ ಹರಡಿ, ಪಕ್ಕದ ಸಾಲಿನ ಯಾರೋ ಹಿರಿಯರು ನಮ್ಮ ಕಡೆ ತಿರುಗಿ ಸಂತೋಷದಿಂದ ಉಸಿರೆಳೆದುಕೊಂಡರು. ಎಲ್ಲವನ್ನೂ ವಾಪಸು ಕೊಟ್ಟರು. ಮತ್ತೆ ತುಂಬುವಾಗ ಯಾವುದರೊಳಗೆ ಯಾವುದು ಎಂದು ತಿಳಿಯದೆ ಎರಡು ಕವರು ಹೊರಗುಳಿದವು. ಬಿಸಾಡಲು ಧೈರ್ಯ ಬರಲಿಲ್ಲ, ಜೇಬಿಗೆ ಹಾಕಿಕೊಂಡೆ.

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲೂ ತೆಳು ಪ್ಲಾಸ್ಟಿಕ್ ಕೈಚೀಲಗಳಿಗೆ 2019ರ ನವೆಂಬರಿನಿಂದ ನಿಷೇಧವಿದೆ. ಅಂಗಡಿಯಲ್ಲಿ ಕೊಡುವುದಿಲ್ಲ. ಅಂದರೆ ಆ ಡಾರ್ಮಿಟರಿಯಲ್ಲಿ ನಾಲ್ಕೂಕಾಲಿಗೆ ಚರಪರ ಎನ್ನುತ್ತಿದ್ದ ಕವರು ಸ್ಥಳೀಯವಲ್ಲ, ಹೊರಗಿನಿಂದ ಬಂದದ್ದು. ನಿದ್ದೆ ಕೆಟ್ಟವನ ಬುದ್ಧಿ ಪೊಲೀಸರದಕ್ಕಿಂತ ಚುರುಕು.

ಮೊದಲು ನನ್ನ ಅನುಮಾನ ಬಾಗಿಲ ಬಳಿಯ ಮಂಚದವನ ಮೇಲಿತ್ತು. ಆಟ ನೋಡಿ ಅಪರಾತ್ರಿ ಬರುತ್ತಿದ್ದ ಹುಡುಗ. ಅವನನ್ನೂ ಪೂರ್ತಿ ಬೈಯಲಾರೆ. ಅಲ್ಲಿ ಆಟ ಮುಗಿಯುವ ಹೊತ್ತೇ ಹಾಗೆ. ನಾವಿದ್ದ ವಾರದಲ್ಲೇ ಮೆಡ್ವೆಡೆವ್ ಒಂದು ಪಂದ್ಯ ಗೆದ್ದಾಗ ಬೆಳಗಿನ ಜಾವ 3.39. 2008ರಲ್ಲಿ ಹೆವಿಟ್ ಮತ್ತು ಬಗ್ದಾಟಿಸ್ ರಾತ್ರಿ 11.52ಕ್ಕೆ ಶುರು ಮಾಡಿ 4.34ಕ್ಕೆ ಮುಗಿಸಿದ್ದರು. ಅಲ್ಲಿ ಹದಿನೈದು ಸಾವಿರದಷ್ಟು ಜನ ಕೂರುವ ಜಾಗ. ಸರ್ವ್ ಮಾಡುವವನು ಚೆಂಡು ಪುಟಿಸತೊಡಗಿದರೆ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಎತ್ತರದ ಕುರ್ಚಿಯ ಮೇಲೆ ಕೂತ ಅಂಪೈರು ದಯವಿಟ್ಟು ಸದ್ದು ಬೇಡ ಎಂದರೆ ಸಾಕು. ನಮ್ಮ ಡಾರ್ಮಿಟರಿಗೂ ಅಂಥ ಎತ್ತರದ ಕುರ್ಚಿಯೊಂದು ಬೇಕಿತ್ತು ಎಂದು ಮೇಲಿನ ಮಂಚದಿಂದ ಎಷ್ಟೋ ಸಲ ಅಂದುಕೊಂಡಿದ್ದೇನೆ. ಎತ್ತರವಂತೂ ನನಗೆ ಆಗಲೇ ಇತ್ತು, ಅಧಿಕಾರ ಇರಲಿಲ್ಲ.

ಆದರೆ ಟೆನಿಸಿಗೂ ಆ ವರ್ಷ ಕೇಡುಗಾಲ. ಪ್ರತಿ ಗೇಮ್ ಮುಗಿದಾಗಲೂ ಪ್ರೇಕ್ಷಕರು ಓಡಾಡಬಹುದು ಎಂದು ಹೊಸ ನಿಯಮ ತಂದರು. ಆರನೇ ಕೋರ್ಟಿನ ಪಕ್ಕಕ್ಕೇ ಎರಡಂತಸ್ತಿನ ಬಾರು ಕಟ್ಟಿದರು. ಆಟಗಾರರು ಗೊಣಗಿದರು. ಗೊಣಗಿದವರ ಪರವಾಗಿ ನಾನು ಇಡೀ ಒಂದು ದಿನ ಬಾಮೈದನ ಜೊತೆ ವಾದ ಮಾಡಿದೆ. ಅವನಿಗೆ ಗದ್ದಲವೇ ಇಷ್ಟ. "ಕ್ರಿಕೆಟ್ಟಿನಲ್ಲಿ ಲಕ್ಷ ಜನ ಕಿರುಚಲ್ವಾ ಭಾವ?" ಎನ್ನುತ್ತಾನೆ. ಈ ತಲೆಮಾರಿಗೆ ಸುಮ್ಮನಿರುವುದೆಂದರೆ ಏನೋ ಕೆಟ್ಟುಹೋಗಿದೆ ಎಂದೇ ಲೆಕ್ಕ. ಹೋಗಲಿ.

ನಾವು ಅಷ್ಟು ದೂರ ಹೋದದ್ದೇ ರೋಹನ್ ಬೋಪಣ್ಣನನ್ನು ನೋಡಲು. ಕೊಡಗಿನವನು, ನಲವತ್ಮೂರು ವಯಸ್ಸು. ಪುರುಷರ ಡಬಲ್ಸಿನಲ್ಲಿ 2010ರಲ್ಲೂ 2023ರಲ್ಲೂ ಅಮೆರಿಕ ಓಪನ್ನಿನ ಫೈನಲ್ ತನಕ ಹೋಗಿ ಸೋತವನು. ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಡುತ್ತಿದ್ದ. ನನಗಿಂತ ಐದೇ ವರ್ಷ ಚಿಕ್ಕವನು ಮೊಣಕಾಲು ಬಗ್ಗಿಸಿ ವಾಲಿ ಹೊಡೆಯುವುದನ್ನು ಕಣ್ಣಾರೆ ನೋಡಬೇಕೆಂದು ನನಗೆ ಬೇರೆಯದೇ ಆಸೆ ಇತ್ತು. ಅವನ ಪಂದ್ಯಕ್ಕೆ ಇನ್ನೂ ಹೊತ್ತಿದೆ ಎಂದು ದೊಡ್ಡ ಪರದೆ ಹಾಕಿರುವ ಹುಲ್ಲಿನ ಮೇಲೆ, ಟೋಪಿ ಮುಖಕ್ಕೆ ಮುಚ್ಚಿಕೊಂಡು, ಹೀಗೇ ಸ್ವಲ್ಪ ಒರಗಿದೆ.

ಎದ್ದಾಗ ನೆರಳು ಜಾಗ ಬದಲಿಸಿತ್ತು. ಎಡಗೈ ಸುಟ್ಟ ಬದನೆಕಾಯಿಯಂತಾಗಿತ್ತು. ಬಾಮೈದ ಪಕ್ಕದಲ್ಲಿ ಕೂತು ಕಿವಿಯವರೆಗೂ ನಗುತ್ತಿದ್ದ.

"ಎಂಥಾ ಮ್ಯಾಚು ಭಾವ!"

"ಎಬ್ಬಿಸಬಾರದಿತ್ತೇನೋ?"

"ಪಾಪ, ರಾತ್ರಿಯೆಲ್ಲ ಹೊರಳಾಡ್ತಾ ಇದ್ರಿ. ಮಲಗಿರಲಿ ಅಂತ ಬಿಟ್ಟೆ."

"ಹೊರಳಾಡಿದ್ದು ನಿನಗೆ ಹೇಗೆ ಗೊತ್ತು? ನೀನು ಕಿವಿಗೆ ಬಿರಟೆ ಹಾಕ್ಕೊಂಡು ಮಲಗಿದ್ದೆಯಲ್ಲ?"

ಅವನು ಟ್ರಾಮಿನ ವಿಷಯ ತೆಗೆದ.

ಆಗ ನನಗೆ ಒಂದು ಲೆಕ್ಕ ಹೊಳೆಯಿತು. ಜನವರಿಯಲ್ಲಿ ಮೆಲ್ಬರ್ನ್ ನಮಗಿಂತ ಐದೂವರೆ ಗಂಟೆ ಮುಂದೆ. ಅಲ್ಲಿಯ ನಾಲ್ಕೂಕಾಲೆಂದರೆ ಮೈಸೂರಿನಲ್ಲಿ ರಾತ್ರಿ ಹತ್ತೂಮುಕ್ಕಾಲು. ನಮ್ಮ ಮಾವನ ಮನೆಯಲ್ಲಿ ಊಟವಾಗಿ ಗಂಟೆಯೊಂದು ಕಳೆದು, ಯಾರಾದರೊಬ್ಬರು ಎದ್ದುಹೋಗಿ ಡಬ್ಬಿ ತಡಕುವ ಹೊತ್ತು. ಅಂದು ಸಂಜೆ ಹಾಸ್ಟೆಲಿನ ಅಡುಗೆಮನೆಯಲ್ಲಿ ನಾನು ಕೋಡುಬಳೆ ಎಣಿಸಿದೆ. ಎಣಿಸಿದೆ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಹೆಂಡತಿಯ ತಮ್ಮನಾದ್ದರಿಂದ ಫಲಿತಾಂಶವನ್ನು ಇಲ್ಲಿ ಬರೆಯುವುದಿಲ್ಲ.

ಅಗ್ಗದ ವಿಮಾನ ಟಿಕೆಟ್ಟಾದ್ದರಿಂದ ದಿನ ಮುಂದೂಡುವಂತಿರಲಿಲ್ಲ. ಮೊದಲ ವಾರ ಮುಗಿಸಿ ವಾಪಸಾದೆವು. ಕಡಿಮೆ ಖರ್ಚಿನಲ್ಲಿ ಪ್ರವಾಸ ಮಾಡುವುದರಿಂದ ಮನುಷ್ಯನಿಗೆ ಏನು ತಿಳಿಯುತ್ತದೆ ಎಂದು ಬರೆಯಲೇ ನಾನು ಈ ಹಾಳೆ ಎಳೆದುಕೊಂಡದ್ದು. ಅದೇನೆಂದು ವಿಮಾನದಲ್ಲಿ ಸ್ಪಷ್ಟವಾಗಿ ಹೊಳೆದಿತ್ತು ಕೂಡ. ಅಷ್ಟರಲ್ಲಿ ಮುಂದಿನ ಸೀಟಿನವರು ಚಿಪ್ಸಿನ ಪೊಟ್ಟಣ ಬಿಚ್ಚಿದರು.

ಜನವರಿ 27, ಶನಿವಾರ. ಫೈನಲ್ಲು ರಾಡ್ ಲೇವರ್ ಅರೀನಾದಲ್ಲಿ, ನಾನು ಮೈಸೂರಿನಲ್ಲಿ ಟಿವಿಯ ಮುಂದೆ. ಎದುರಾಳಿಗಳು ಇಟಲಿಯ ಬೊಲೆಲ್ಲಿ, ವವಸ್ಸೋರಿ. ಮೊದಲ ಸೆಟ್ಟಿನ ಟೈಬ್ರೇಕಿನಲ್ಲಿ ಬೋಪಣ್ಣನ ಜೋಡಿ ಅವರಿಗೆ ಒಂದೂ ಪಾಯಿಂಟು ಬಿಡದೆ 7-0ರಲ್ಲಿ ಮುಗಿಸಿತು. ಎರಡನೆಯದು 5-5 ಆಗಿ, 6-5 ಆಯಿತು. ಕಾಫಿ ಲೋಟ ಕೈಯಲ್ಲೇ ತಣ್ಣಗಾಗಿತ್ತು. ಪಕ್ಕದಲ್ಲಿ ಬಾಮೈದ ಕೂಡ ಮಾತು ನಿಲ್ಲಿಸಿದ್ದ. ಇಡೀ ಕ್ರೀಡಾಂಗಣ ಗಪ್‌ಚಿಪ್. ಚೆಂಡು ಒಂದು ಸಲ ಪುಟಿಯಿತು, ಎರಡು ಸಲ ಪುಟಿಯಿತು.

ಅಡುಗೆಮನೆಯ ಬಾಗಿಲ ಹಿಂದಿನಿಂದ ಅತ್ತೆ ಕೇಳಿದರು, "ಆವತ್ತು ಕೊಟ್ಟ ಹದಿನಾಲ್ಕರಲ್ಲಿ ಹನ್ನೆರಡೇ ಇವೆಯಲ್ಲಾ?"

ಚರ... ಪರ...