ಗುಡ್ಡದ ಕಾಲು ಕಡಿಯುವ ಮೊದಲು

ಹೊಳೆಯ ಒಂದು ಹಿಡಿ ಮರಳಿನಿಂದ, ಅದು ಹುಟ್ಟಿದ ಬೆಟ್ಟ ಯಾವ ವೇಗದಲ್ಲಿ ಸವೆಯುತ್ತಿದೆಯೆಂದು ಇಂದು ಲೆಕ್ಕ ಹಾಕಬಹುದು. ಬಾಹ್ಯಾಕಾಶದ ಕಾಸ್ಮಿಕ್ ಕಿರಣಗಳು ನೆಲದ ಮೇಲ್ಪದರದ ಬೆಣಚುಕಲ್ಲಿಗೆ ಬಡಿದಾಗ ಅದರಲ್ಲಿ ಬೆರಿಲಿಯಂ-10 ಎಂಬ ಅಪರೂಪದ ಐಸೋಟೋಪ್ ಹುಟ್ಟುತ್ತದೆ. ಅದು ಹೆಚ್ಚಿದ್ದರೆ ಕಲ್ಲು ನಿಧಾನವಾಗಿ ಸವೆದು ಬಹುಕಾಲ ಮೇಲ್ಮೈಯ ಹತ್ತಿರ ಇತ್ತೆಂದೂ, ಕಡಿಮೆಯಿದ್ದರೆ ಬೇಗ ಸವೆದು ಬಂದಿತೆಂದೂ ಅರ್ಥ. ಪಶ್ಚಿಮ ಘಟ್ಟದ ದಕ್ಷಿಣ ಭಾಗದ ಹೊಳೆಗಳ ಮರಳನ್ನು ಹೀಗೆ ಅಳೆದು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಘಟ್ಟದ ಮೇಲಿನ ಪ್ರಸ್ಥಭೂಮಿ ಹತ್ತು ಲಕ್ಷ ವರ್ಷಕ್ಕೆ ಸುಮಾರು 10 ಮೀಟರ್, ಎಂದರೆ ನೂರು ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಸವೆಯುತ್ತದೆ. ಕಡಲಿನತ್ತ ಇಳಿಯುವ ಕಡಿದಾದ ಮೈಯಲ್ಲಿ ಸವೆತ ಹಲವು ಪಟ್ಟು ಹೆಚ್ಚಾದರೂ, ಅದೂ ಶತಮಾನಕ್ಕೆ ಕೆಲವೇ ಮಿಲಿಮೀಟರ್.

ಅದೇ ಗುಡ್ಡದ ಬುಡವನ್ನು ನಾವು ಒಂದೇ ಬೇಸಿಗೆಯಲ್ಲಿ ಹತ್ತಾರು ಮೀಟರ್ ಕಡಿಯುತ್ತೇವೆ.

ಕರಾವಳಿಯಲ್ಲಿ ಬಾವಿ ತೋಡಿಸಿದವರಿಗೆ ನೆಲದೊಳಗಿನ ಕಥೆ ಗೊತ್ತು. ಮೇಲೆ ಗಟ್ಟಿಯಾದ ಮುರಕಲ್ಲು, ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ನಮ್ಮ ಮನೆಯ ಬಾವಿ ತೋಡುವಾಗ ಮೇಲೆ ಬಂದ ಶೇಡಿಯ ಹೆಂಟೆಯೊಂದು, ಒಣಗಿದ್ದಾಗ ಉಗುರಿಗೂ ಬಗ್ಗದಷ್ಟು ಬಿರುಸಾಗಿತ್ತು. ಬಕೆಟ್ಟಿನ ನೀರಿಗೆ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಅಂಚು ಅಂಚಾಗಿ ಕುಸಿದು ರಾಡಿಯಾಯಿತು. ನೆಟ್ಟಗೆ ಕಡಿದ ಗುಡ್ಡದಲ್ಲಿ ಈ ಪದರ ಬಯಲಾಗಿ ನಿಲ್ಲುತ್ತದೆ. ಮುರಕಲ್ಲಿನ ಬಿರುಕುಗಳಿಂದ ಇಳಿದ ಮಳೆನೀರು ಅದನ್ನು ಒಳಗಿನಿಂದಲೇ ನೆನೆಸುತ್ತದೆ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಕುಸಿದು, ಚಹಾ ಅಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ನದಿಯಲ್ಲಿ ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ಒಂದು ಲಾರಿ ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ. ಇಂಥದ್ದನ್ನು ಬರೀ 'ಪ್ರಕೃತಿ ವಿಕೋಪ' ಎಂದು ಕರೆಯುವುದನ್ನು ನಾನು ಒಪ್ಪಲಾರೆ. ಭಾರಿ ಮಳೆ ಸುರಿದದ್ದು ನಿಜ, ಆದರೆ ಆ ಗುಡ್ಡಗಳು ಅಂಥ ಮಳೆಗಾಲಗಳನ್ನು ಲೆಕ್ಕವಿಲ್ಲದಷ್ಟು ಕಂಡಿವೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಭೂಕುಸಿತದ ಸಾಧ್ಯತೆಯನ್ನು ತೋರಿಸುವ ನಕ್ಷೆಗಳನ್ನು 1:50,000 ಪ್ರಮಾಣದಲ್ಲಿ ಸಿದ್ಧಪಡಿಸಿದೆ. ಅದು ದೊಡ್ಡ ಕೆಲಸವೇ, ಆದರೆ ಆ ಪ್ರಮಾಣದಲ್ಲಿ 50 ಮೀಟರ್ ಉದ್ದದ ಇಳಿಜಾರು ನಕ್ಷೆಯ ಮೇಲೆ ಒಂದು ಮಿಲಿಮೀಟರ್ ಮಾತ್ರ. ಆದ್ದರಿಂದ ಗುಡ್ಡ ಕಡಿಯುವ ಪ್ರತಿಯೊಂದು ಜಾಗದಲ್ಲೂ ಮೊದಲು ಕೊರೆದು ನೋಡಿ ಶೇಡಿ ಎಷ್ಟು ಆಳದಲ್ಲಿದೆ, ನೀರು ಎಲ್ಲಿ ಒಸರುತ್ತದೆ ಎಂಬುದನ್ನು ದಾಖಲಿಸಬೇಕು, ಮೆಟ್ಟಿಲು ಮೆಟ್ಟಿಲಾಗಿಯೇ ಕಡಿಯಬೇಕು, ಆ ವರದಿಯನ್ನು ಕನ್ನಡದಲ್ಲಿ ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು.