ಮುಂದೆ ಹೋಗಬೇಕಾದ್ದು ಬ್ಯಾಗೋ, ನಾವೋ?

ಕ್ರೂಸ್‌ಗೆ, ಅಂದರೆ ಹಡಗಿನ ಪ್ರವಾಸಕ್ಕೆ ಹೋಗುವವರು ಸೂಟ್‌ಕೇಸನ್ನು ವಿಮಾನಕ್ಕೆ ಹಾಕುವ ಬದಲು ಮೊದಲೇ ಕೊರಿಯರ್ ಮಾಡಿಬಿಡಬೇಕು ಅನ್ನುವ ಸಲಹೆ ಅಮೆರಿಕದಿಂದ ಹೊರಟು ಈಗ ಹುಬ್ಬಳ್ಳಿಯ ವಿದ್ಯಾನಗರದವರೆಗೂ ಬಂದಿದೆ. ಅಮೆರಿಕದಲ್ಲಿ ಇದಕ್ಕೆಂದೇ ಕಂಪನಿಗಳಿವೆ. ಮನೆಗೆ ಬಂದು ಬ್ಯಾಗ್ ಒಯ್ಯುತ್ತವೆ, ಬಂದರಿಗೆ ಮುಟ್ಟಿಸುತ್ತವೆ. ನೀವು ಕೈಬೀಸಿಕೊಂಡು ವಿಮಾನ ಹತ್ತಿದರಾಯಿತು. ಬರುವ ವರ್ಷ ಜಪಾನಿನ ಯೊಕೊಹಾಮಾದಲ್ಲಿ ಹಡಗು ಹತ್ತಲಿರುವ ನಮ್ಮ ಮಾಮಾ ಇದನ್ನು ಮೊಬೈಲಿನಲ್ಲಿ ನೋಡಿ ನನಗೆ ಫೋನ್ ಹಚ್ಚಿದರು. ನಾನಿರುವುದು ಯೊಕೊಹಾಮಾದಲ್ಲೇ. "ನಾವೂ ಹಿಂಗ ಮಾಡೂಣೇನೋ? ಬ್ಯಾಗ್ ಮೊದಲ ನಿನ್ನ ಮನಿಗೆ ಕಳಸ್ತೀನಿ, ಆಮ್ಯಾಲೆ ನಾವು ಬರ್ತೀವಿ."

ಬೇಡ ಅಂದೆ. ಬ್ಯಾಗ್ ಮುಂದೆ ಕಳಿಸುವುದಕ್ಕೆ ನನ್ನ ವಿರೋಧವಿಲ್ಲ. ಜಪಾನಿನಲ್ಲಿ ನಾನು ಊರೂರಿಗೆ ಹೋಗುವುದೇ ಹಾಗೆ. ಆದರೆ ಎಲ್ಲಿಂದ ಎಲ್ಲಿಗೆ ಕಳಿಸಬೇಕು ಅನ್ನುವುದರಲ್ಲೇ ಎಲ್ಲ ಇದೆ.

ಭಯವೇನೋ ಸುಳ್ಳಲ್ಲ. ವಿಮಾನ ನಿಲ್ದಾಣಗಳಿಗೆ ಲಗೇಜ್ ತಂತ್ರಜ್ಞಾನ ಒದಗಿಸುವ ಸೀಟಾ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಪ್ರತಿ 1,000 ಪ್ರಯಾಣಿಕರಿಗೆ 6.3 ಬ್ಯಾಗುಗಳು ಎಡವಟ್ಟಾಗಿವೆ. ಅದರಲ್ಲಿ ಹೆಚ್ಚಿನವು ಕಳೆಯುವುದಿಲ್ಲ, ತಡವಾಗುತ್ತವೆ ಅಷ್ಟೇ. ಸಾಮಾನ್ಯ ಪ್ರವಾಸದಲ್ಲಿ ಒಂದು ದಿನ ತಡವಾದರೆ ಏನಂತೆ, ಹೋಟೆಲ್ ಅಲ್ಲೇ ಇರುತ್ತದೆ. ಹಡಗು ಇರುವುದಿಲ್ಲ. ನಮ್ಮ ಪರಿಚಯದ ಗದಗಿನ ದಂಪತಿ ಸಿಂಗಪುರದಿಂದ ಹಡಗು ಹತ್ತಿದರು. ಅದೇ ದಿನ ಬೆಳಿಗ್ಗೆ ವಿಮಾನ ಇಳಿದಿದ್ದರು, ಬ್ಯಾಗ್ ಇಳಿದಿರಲಿಲ್ಲ. ಮರುದಿನ ಬ್ಯಾಗ್ ಸಿಂಗಪುರಕ್ಕೆ ಬಂದಾಗ ಇವರು ಪೆನಾಂಗ್‌ನಲ್ಲಿ. ಪೆನಾಂಗ್‌ಗೆ ಕಳಿಸಿ ಅಂದರೆ, ಅದು ಬರುವಷ್ಟರಲ್ಲಿ ನೀವು ಫುಕೆಟ್‌ನಲ್ಲಿರುತ್ತೀರಿ ಅಂದರಂತೆ. ಉಟ್ಟ ಸೀರೆ, ಕೈಚೀಲದಲ್ಲಿದ್ದ ಇನ್ನೊಂದು ಸೀರೆ, ಹಡಗಿನ ಅಂಗಡಿಯಲ್ಲಿ ಕೊಂಡ ಟಿ-ಶರ್ಟುಗಳು. ಎಲ್ಲ ಫೋಟೊಗಳಲ್ಲೂ ಗಂಡನ ಎದೆ ಮೇಲೆ ಹಡಗಿನ ಹೆಸರು.

ಆದರೆ ಬ್ಯಾಗುಗಳು ಎಲ್ಲಕ್ಕಿಂತ ಹೆಚ್ಚು ಎಡವುವ ಜಾಗ ಒಂದಿದೆ. ವಿಮಾನ ಬದಲಿಸುವಾಗ. ಸೀಟಾ ಲೆಕ್ಕದಲ್ಲೇ ಹತ್ತರಲ್ಲಿ ನಾಲ್ಕು ಎಡವಟ್ಟು ಅಲ್ಲೇ ಆಗುತ್ತವೆ. ಒಂದು ವಿಮಾನ ತಡವಾಗಿ ಬಂತು, ಜನ ಓಡಿ ಮುಂದಿನದನ್ನು ಹಿಡಿದರು, ಬ್ಯಾಗಿಗೆ ಓಡಲು ಕಾಲಿಲ್ಲ. ಇದನ್ನು ತಲೆಯಲ್ಲಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಮಾಮಾನ ಕಡೆ ಬರೋಣ. ಬ್ಯಾಗ್ ಮುಂದೆ ಕಳಿಸುವುದು ಏನೋ ಹೊಸ ವಿಲಾಯತಿ ಉಪಾಯ ಅನ್ನುವ ಹಾಗೆ ಅವರು ಮಾತಾಡಿದರು. ನನಗೆ ನಗು ಬಂತು. ಹುಬ್ಬಳ್ಳಿಯವರಷ್ಟು ಸಾಮಾನು ಮುಂದೆ ಕಳಿಸುವವರು ಯಾರಿದ್ದಾರೆ? ನಾನು ಬೆಂಗಳೂರಿನಲ್ಲಿ ಓದುವಾಗ ಮನೆಯಿಂದ ಡಬ್ಬಿ ಬರುತ್ತಿದ್ದದ್ದು ರಾತ್ರಿ ಬಸ್ಸಿನಲ್ಲಿ. ಚನ್ನಮ್ಮ ಸರ್ಕಲ್ ಹತ್ತಿರ ಬಸ್ ನಿಂತಾಗ ಅಪ್ಪ ಸುತಳಿ ಕಟ್ಟಿದ ರಟ್ಟಿನ ಡಬ್ಬಿ ಕ್ಲೀನರ್ ಕೈಗೆ ಕೊಡುತ್ತಿದ್ದರು. ಮೇಲೆ ಸ್ಕೆಚ್ ಪೆನ್ನಿನಲ್ಲಿ ನನ್ನ ಹೆಸರು, ಫೋನ್ ನಂಬರ್. ರಶೀದಿ ಇಲ್ಲ, ಇನ್ಶೂರೆನ್ಸ್ ಇಲ್ಲ. ಚಹಾ ಕುಡಿಯಲು ಅಂತ ಒಂದಿಷ್ಟು ದುಡ್ಡು. ಆಮೇಲೆ ನನಗೆ ಫೋನ್: "ಬಸ್ ನಂಬರ್ ಬರ್ಕೋ. ಡ್ರೈವರ್ ನಂಬರ್ ಬರ್ಕೋ." ಬೆಳಗಿನ ಐದಕ್ಕೆ ಗೊರಗುಂಟೆಪಾಳ್ಯದ ಸೇತುವೆ ಕೆಳಗೆ ನಿಂತು ಫೋನ್ ಮಾಡಿದರೆ ನಿದ್ದೆಗಣ್ಣಿನ ದನಿ, "ದಾಬಸ್‌ಪೇಟಿ ದಾಟೇವ್ರೀ, ಅಲ್ಲೇ ನಿಂದರ್ರಿ." ಶೇಂಗಾ ಹೋಳಿಗೆ ಒಮ್ಮೆಯೂ ದಾರಿ ತಪ್ಪಲಿಲ್ಲ. ಈಗಲೂ ಇದೇ ನಡೆದಿದೆ, ನಂಬರಿನ ಬದಲು ವಾಟ್ಸಾಪ್‌ನಲ್ಲಿ ಬಸ್ಸಿನ ಫೋಟೊ ಬರುತ್ತದೆ.

ದೊಡ್ಡ ಸಾಮಾನಾದರೆ ಲಾರಿ ಟ್ರಾನ್ಸ್‌ಪೋರ್ಟ್. ಅಲ್ಲಿ ಎಲ್‌ಆರ್, ಅಂದರೆ ಲಾರಿ ರಶೀದಿ ಇದೆ, ಪೇಯ್ಡೋ (ಬಾಡಿಗೆ ಕೊಟ್ಟಾಗಿದೆ) ಟು ಪೇಯೋ (ಬಿಡಿಸಿಕೊಳ್ಳುವವರು ಕೊಡಬೇಕು) ಅಂತ ಬರೆಯುವುದಿದೆ, ಹಮಾಲಿ ಬೇರೆ. ಮಗಳ ಮದುವೆಯ ಸ್ಟೀಲ್ ಪಾತ್ರೆ, ಟ್ರೆಜರಿ, ಮಂಚ ಎಲ್ಲ ಹೀಗೇ ಹೋಗುತ್ತವೆ. ಎಲ್‌ಆರ್ ಕಾಪಿ ಹಿಡಿದು ಗೋಡೌನಿಗೆ ಹೋಗಿ ಬಿಡಿಸಿಕೊಳ್ಳಬೇಕು.

ಇಲ್ಲೊಂದು ಸೋಜಿಗವಿದೆ. ವಿಜಯ ಸಂಕೇಶ್ವರ ಅವರು ಗದಗಿನಲ್ಲಿ ಒಂದೇ ಲಾರಿಯಿಂದ ವ್ಯವಹಾರ ಶುರು ಮಾಡಿದ್ದು 1976ರಲ್ಲಿ. ಅದೇ ಇವತ್ತಿನ ವಿಆರ್‌ಎಲ್ ಕಂಪನಿ, ಹುಬ್ಬಳ್ಳಿ ಹತ್ತಿರ ವರೂರಿನಲ್ಲಿ ಅದರ ನೋಂದಾಯಿತ ಕಚೇರಿ ಇದೆ. ಅದೇ 1976ರ ಜನವರಿ 20ರಂದು ಜಪಾನಿನ ಯಮಾತೊ ಕಂಪನಿ ತಕ್ಯೂಬಿನ್ ಅನ್ನುವ ಮನೆ-ಮನೆ ಪಾರ್ಸೆಲ್ ಸೇವೆ ತೆರೆಯಿತು. ಮೊದಲ ದಿನ ಬಂದದ್ದು ಬರೀ 11 ಪಾರ್ಸೆಲ್. ಅಲ್ಲಿಯವರೆಗೆ ಅವರೂ ಲಾರಿಯವರೇ, ದೊಡ್ಡ ಅಂಗಡಿಗಳ ಸರಕು ಸಾಗಿಸುತ್ತಿದ್ದರು. ಒಗುರಾ ಮಸಾವೊ ಅನ್ನುವ ಮುಖ್ಯಸ್ಥರು ಅಂಗಡಿಯವರನ್ನು ಬಿಟ್ಟು ಗೃಹಿಣಿಯರ ಕಡೆ ತಿರುಗಿದರು. ನಮ್ಮ ಕಡೆ ಲಾರಿ ವ್ಯಾಪಾರಿಗಳ ಜೊತೆಗೇ ಬೆಳೆಯಿತು. ಮನೆಯವರು ಗೋಡೌನಿಗೆ ಹೋಗುವುದು ತಪ್ಪಲಿಲ್ಲ. ಎರಡರಲ್ಲೂ ಸಾಮಾನು ಮುಟ್ಟುತ್ತದೆ. ಆದರೆ ಜಪಾನಿನಲ್ಲಿ ಸೂಟ್‌ಕೇಸಿನ ಮಾಲೀಕನೇ ಗಿರಾಕಿ.

ಗಿರಾಕಿ ಅಂದ ಮೇಲೆ ಏನೇನು ಸಿಗುತ್ತದೆ ನೋಡಿ. ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಮನೆ ಹತ್ತಿರದ ಅಂಗಡಿಯಲ್ಲಿ ಬ್ಯಾಗ್ ಕೊಟ್ಟು ಬರಬಹುದು. ಉದ್ದ, ಅಗಲ, ಎತ್ತರ ಮೂರೂ ಸೇರಿ 200 ಸೆಂಟಿಮೀಟರ್, ತೂಕ 30 ಕಿಲೊವರೆಗೆ ತೆಗೆದುಕೊಳ್ಳುತ್ತಾರೆ. ಬಹಳಷ್ಟು ಕಡೆಗೆ ಮರುದಿನ ಮುಟ್ಟುತ್ತದೆ. ಬೆಳಿಗ್ಗೆಯೋ, ಸಂಜೆ ಆರರಿಂದ ಎಂಟರೊಳಗೋ, ಹೊತ್ತು ನಾವೇ ಹೇಳಬೇಕು. ಹೇಳಿದ ಹೊತ್ತಿಗೆ ಬೆಲ್ ಆಗುತ್ತದೆ. ಗಾಲ್ಫ್ ಚೀಲ, ಸ್ಕೀಯಿಂಗ್ ಹಲಗೆ ಕಳಿಸಲು 1980ರ ದಶಕದಿಂದಲೇ ಬೇರೆ ಬೇರೆ ಸೇವೆಗಳಿವೆ. ಹಡಗಿಗೂ ಹೀಗೆ ಬ್ಯಾಗ್ ಕಳಿಸುವವರಿದ್ದಾರೆ. ಕಳೆದರೆ ಪರಿಹಾರದ ಮಿತಿ 3 ಲಕ್ಷ ಯೆನ್.

ಹಾಗಾದರೆ ಹುಬ್ಬಳ್ಳಿಯಿಂದಲೇ ಕಳಿಸಿದರೆ ಏನು ತಪ್ಪು? ತಪ್ಪಿರುವುದು ಗಡಿಯಲ್ಲಿ. ಫ್ಲಾರಿಡಾದಲ್ಲಿ ಹಡಗು ಹತ್ತುವ ಅಮೆರಿಕದವರು ಷಿಕಾಗೋದಿಂದ ಬ್ಯಾಗ್ ಕಳಿಸಿದರೆ ಅದು ದೇಶದೊಳಗೇ ಓಡಾಡುತ್ತದೆ. ಕಸ್ಟಮ್ಸ್ ಎಂಬುದೇ ಇಲ್ಲ. ಅವರ ಸಲಹೆ ಅವರಿಗೆ ಸರಿ. ಹುಬ್ಬಳ್ಳಿಯಿಂದ ಜಪಾನಿಗೆ ಬ್ಯಾಗ್ ಒಂಟಿಯಾಗಿ ಬಂದರೆ ಅದು ಪ್ರಯಾಣಿಕನ ಜೊತೆಗಿಲ್ಲದ ಲಗೇಜು. ಪ್ರಯಾಣಿಕನಿಗಿರುವ ಸುಂಕದ ರಿಯಾಯಿತಿ ಬೇಕಾದರೆ ವಿಮಾನ ಇಳಿದಾಗ ಕಸ್ಟಮ್ಸ್ ಫಾರ್ಮ್ ಎರಡು ಪ್ರತಿ ಬರೆದು ಕೊಡಬೇಕು. ಒಂದಕ್ಕೆ ಸೀಲ್ ಹಾಕಿ ವಾಪಸ್ ಕೊಡುತ್ತಾರೆ, ಅದನ್ನು ತೋರಿಸಿ ಸಾಮಾನು ಬಿಡಿಸಿಕೊಳ್ಳಬೇಕು. ಅಂದರೆ ಮುಂದೆ ಹೋದ ಬ್ಯಾಗು ಅಲ್ಲಿ ಕೂತು ಮಾಮಾನ ದಾರಿ ಕಾಯಬೇಕು! ಇದಕ್ಕೆ ಕೊರಿಯರ್ ದುಡ್ಡು ಬೇರೆ. ಆ ದುಡ್ಡಿನಲ್ಲಿ ಅತ್ತಿ ಇಲ್ಲಿ ಎರಡು ಜೊತೆ ಬೆಚ್ಚನೆ ಬಟ್ಟೆ ಕೊಳ್ಳಬಹುದು.

ನನ್ನ ಲೆಕ್ಕ ಇಷ್ಟು. ಬ್ಯಾಗ್ ಎಡವುವುದು ವಿಮಾನ ಬದಲಿಸುವಾಗ ಅಲ್ವಾ? ಹಾಗಾದರೆ ಬದಲಿಸುವುದನ್ನೇ ತೆಗೆದುಹಾಕಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಂದೇ ಭಾರತ್ ಇದೆ, ಬ್ಯಾಗ್ ಕಣ್ಣ ಮುಂದೆಯೇ ಇರುತ್ತದೆ. ಬೆಂಗಳೂರಿನಿಂದ ಟೋಕಿಯೊ ಹತ್ತಿರದ ನರಿತಾ ವಿಮಾನ ನಿಲ್ದಾಣಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ಟಿಕೆಟ್ ಸ್ವಲ್ಪ ಜಾಸ್ತಿ ಆಗಬಹುದು, ಆಗಲಿ. ದಿಲ್ಲಿ, ಬ್ಯಾಂಕಾಕ್ ಸುತ್ತಿ ಐದಾರು ಸಾವಿರ ಉಳಿಸುವವರು ಆಮೇಲೆ ಕೊರಿಯರ್‌ಗೆ ಅದರ ಎರಡು ಪಟ್ಟು ಕೊಡುವುದನ್ನು ನಾನು ನೋಡಿದ್ದೇನೆ.

ಹಡಗು ಹೊರಡುವ ಎರಡು ದಿನ ಮೊದಲು ನರಿತಾದಲ್ಲಿ ಇಳಿಯಿರಿ. ಬ್ಯಾಗ್ ಮುಂದೆ ಹೋಗುವ ಬದಲು ನೀವೇ ಮುಂದೆ ಬನ್ನಿ. ಬ್ಯಾಗ್ ತಡವಾದರೂ ಮರುದಿನದ ವಿಮಾನದಲ್ಲಿ ಬರಲು ಒಂದು ದಿನ ಕೈಯಲ್ಲಿರುತ್ತದೆ. ಬಂದಿದ್ದರೆ, ಹೊರಗೆ ಬಂದ ಕೂಡಲೇ ಪಾರ್ಸೆಲ್ ಕೌಂಟರಿನಲ್ಲಿ ಕೊಟ್ಟುಬಿಡಿ, ನಮ್ಮ ಮನೆಗೆ ಮರುದಿನ ಬರುತ್ತದೆ. ದೊಡ್ಡ ಸೂಟ್‌ಕೇಸಿಗೆ ಮೂರು ಸಾವಿರ ಯೆನ್ ಆಸುಪಾಸು. ನರಿತಾದಿಂದ ಯೊಕೊಹಾಮಾಕ್ಕೆ ಒಂದೂವರೆ ತಾಸಿನ ರೈಲು. ವಯಸ್ಸಾದವರು ಎರಡು ಸೂಟ್‌ಕೇಸ್ ಎಳೆದುಕೊಂಡು ಆ ಮೆಟ್ಟಿಲುಗಳಲ್ಲಿ ಯಾಕೆ ಒದ್ದಾಡಬೇಕು?

ಬಂದರು ಯಾವುದು ಅಂತ ಮೊದಲೇ ನೋಡಿಕೊಳ್ಳಿ. ಯೊಕೊಹಾಮಾ ಅಂದ ಕೂಡಲೇ ಎಲ್ಲರೂ ಒಸಾನ್‌ಬಾಶಿ ಅಂದುಕೊಳ್ಳುತ್ತಾರೆ, ಚಾವಣಿಯೆಲ್ಲ ಮರದ ಹಲಗೆ ಹಾಸಿದ, ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದ ಟರ್ಮಿನಲ್. ತೀರಾ ಎತ್ತರದ ಹಡಗುಗಳು ಬೇ ಬ್ರಿಜ್ ಕೆಳಗೆ ತೂರುವುದಿಲ್ಲ. ಅವು ಹೊರಗಡೆ ದೈಕೊಕುದಲ್ಲಿ ನಿಲ್ಲುತ್ತವೆ. ಅಲ್ಲಿಗೆ ರೈಲಿಲ್ಲ, ಬಸ್ಸು ಅಥವಾ ಟ್ಯಾಕ್ಸಿ.

ಇನ್ನೊಂದು, ಎಲ್ಲ ಸರಿಯಾಗಿ ಮುಟ್ಟಿದ ಮೇಲೂ ಹಡಗಿನವರೇ ಬ್ಯಾಗನ್ನು ನಿಮ್ಮಿಂದ ಬೇರೆ ಮಾಡುತ್ತಾರೆ. ಕೋಣೆ ನಂಬರಿನ ಚೀಟಿ ಕಟ್ಟಿ ಬಂದರಿನಲ್ಲಿ ಕೊಡಬೇಕು, ಕೋಣೆ ಬಾಗಿಲಿಗೆ ಬರುವಾಗ ಸಂಜೆಯಾಗಬಹುದು. ಅದಕ್ಕೆ ಪಾಸ್‌ಪೋರ್ಟ್, ಬಿಪಿ-ಶುಗರ್ ಗುಳಿಗೆ, ಒಂದು ಜೊತೆ ಬಟ್ಟೆ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಗಂಡನ ಬಟ್ಟೆ ಒಂದರಲ್ಲಿ, ಹೆಂಡತಿಯದು ಇನ್ನೊಂದರಲ್ಲಿ ತುಂಬಬೇಡಿ. ಎರಡರಲ್ಲೂ ಇಬ್ಬರದೂ ಇರಲಿ. ಖಡಕ್ ರೊಟ್ಟಿ ಹಡಗಿಗೆ ಬೇಡ, ನಮ್ಮ ಮನೆಗೆ ತನ್ನಿ. ಅದೂ ಕೈಚೀಲದಲ್ಲಿ. ದೊಡ್ಡ ಬ್ಯಾಗಿಗೆ ಹಾಕಿದರೆ ನರಿತಾದಲ್ಲಿ ಸಿಗುವುದು ರೊಟ್ಟಿ ಪುಡಿ.

ಬ್ಯಾಗ್ ಬರಲೇ ಇಲ್ಲ ಅಂದರೆ ಬೆಲ್ಟಿನ ಹತ್ತಿರವೇ ವಿಮಾನದವರ ಕೌಂಟರಿನಲ್ಲಿ ದೂರು ಬರೆಸಿ, ಅದರ ನಂಬರ್ ಇಸಕೊಳ್ಳಿ. ಅದಿಲ್ಲದೆ ಹೊರಗೆ ಬರಬೇಡಿ. 21 ದಿನವಾದರೂ ಸಿಗದಿದ್ದರೆ ಅಂತಾರಾಷ್ಟ್ರೀಯ ಒಪ್ಪಂದದಂತೆ ಅದು ಕಳೆದ ಬ್ಯಾಗು. 2024ರ ಕೊನೆಯಲ್ಲಿ ಪರಿಹಾರದ ಮಿತಿಯನ್ನು 1,519 ಎಸ್‌ಡಿಆರ್‌ಗೆ (ಐಎಂಎಫ್ ಬಳಸುವ ಲೆಕ್ಕದ ಹಣ) ಏರಿಸಿದ್ದಾರೆ, ರೂಪಾಯಿಯಲ್ಲಿ ಒಂದೂಮುಕ್ಕಾಲು ಲಕ್ಷದ ಆಸುಪಾಸು. ಸುಮ್ನೆ ಕೊಡುವುದಿಲ್ಲ, ಬಿಲ್ಲು ಕೇಳುತ್ತಾರೆ. ಇಳಕಲ್ ಸೀರೆಯ ಬಿಲ್ಲು ಯಾರು ಇಟ್ಟಿರುತ್ತಾರೆ ಹೇಳಿ. ಬ್ಯಾಗ್ ಮುಚ್ಚುವ ಮೊದಲು ಒಂದು ಫೋಟೊ ಹೊಡೆದುಕೊಳ್ಳಿ.

ನೇರ ವಿಮಾನಕ್ಕೆ, ಎರಡು ದಿನ ಮೊದಲು ಬರುವುದಕ್ಕೆ ಮಾಮಾ ಒಪ್ಪಿದ್ದಾರೆ. ನರಿತಾದಲ್ಲಿ ಬ್ಯಾಗ್ ಕೊಟ್ಟು ಬರುವುದಕ್ಕೆ ಮಾತ್ರ ಇನ್ನೂ ಮನಸ್ಸಿಲ್ಲ. "ಚೀಟಿ ತಗೊಂಡು ಏನ್ ಮಾಡ್ಲೋ, ಡ್ರೈವರ್ ನಂಬರ್ ಕೊಡ್ತಾರೇನು?" ಅಂತ ಕೇಳಿದರು. ಕೌಂಟರಿನಲ್ಲಿ ಕೊಡುವುದಿಲ್ಲ. ಆದರೆ ಬ್ಯಾಗ್ ತಂದಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬಾಗಿಲಿಗೆ ಸಿಕ್ಕಿಸಿ ಹೋಗುವ ಚೀಟಿಯಲ್ಲಿ ಆ ಏರಿಯಾದ ಡ್ರೈವರ್‌ನ ನೇರ ನಂಬರ್ ಇರುತ್ತದೆ. ಅದನ್ನು ಅವರಿಗೆ ಹೇಳಿದ್ದೇನೆ.